ಮಂಜು ಸರಿದ ಮೇಲಿನ ಭೋರ್

ಕ್ಯಾಮೆರಾದ ಬೆನ್ನಿಗೆ ಹೊದಿಸುವ ಕರಿಯ ಬಟ್ಟೆಯನ್ನು ನಾನು ಪೇಟೆಯಲ್ಲಿ ಕೊಂಡದ್ದಲ್ಲ. ಅದು ನನ್ನ ಹೆಂಡತಿ ಶಾಂತಾಳ ಹಳೆಯ ಚಂದ್ರಕಾಳಿ ಸೀರೆ. ಸಂಕ್ರಾಂತಿ ಸಂಕ್ರಾಂತಿಗೆ ಉಟ್ಟುಟ್ಟು, ಮಡಿಕೆಗಳಲ್ಲಿ ಸವೆದು, ಇನ್ನು ಉಡಲೂ ಬಾರದು, ಎಸೆಯಲೂ ಮನಸ್ಸಾಗದು ಎಂಬ ವಯಸ್ಸಿಗೆ ಬಂದಾಗ ಅವಳು ಅದನ್ನು ಇಮ್ಮಡಿಸಿ ಹೊಲಿದು, "ತಗೋರಿ, ನನ್ನ ಸವತಿಗೆ ಹೊದಿಸ್ರಿ" ಎಂದು ನನ್ನ ಕೈಗೆ ಕೊಟ್ಟಿದ್ದಳು. ಸವತಿ ಎಂದರೆ ಮುಕ್ಕಾಲಿಯ ಮೇಲೆ ಕೂರುವ ನನ್ನ ಮರದ ಕ್ಯಾಮೆರಾ.

ಆ ಬಟ್ಟೆಯೊಳಗೆ ತಲೆ ತೂರಿಸಿದವರಿಗಷ್ಟೇ ಗೊತ್ತಿರುವ ಒಂದು ಸುಖವಿದೆ, ಗೆಳೆಯರೆ. ಹೊರಗಿನ ಗದ್ದಲವೆಲ್ಲ ಒಮ್ಮೆಗೇ ದೂರವಾಗಿ, ಎಳ್ಳು, ಕರ್ಪೂರ, ಹಳೆಯ ಟ್ರಂಕಿನ ವಾಸನೆ ಬೆರೆತ ಆ ಪುಟ್ಟ ಕತ್ತಲಲ್ಲಿ ಅಂಗೈಯಗಲದ ಮಬ್ಬುಗಾಜೊಂದು ಬೆಳಗುತ್ತದೆ. ಅದರಲ್ಲಿ ಲೋಕವೆಲ್ಲ ತಲೆಕೆಳಗಾಗಿ ನಿಂತಿರುತ್ತದೆ. ಶಿಖರಗಳು ಬೇರಿನಂತೆ ಕೆಳಕ್ಕಿಳಿದಿರುತ್ತವೆ, ಹೊಳೆ ಆಕಾಶದಲ್ಲಿ ಹರಿಯುತ್ತಿರುತ್ತದೆ, ಮನುಷ್ಯರು ಬಾವಲಿಗಳ ಹಾಗೆ ನೆಲಕ್ಕೆ ಕಾಲಂಟಿಸಿಕೊಂಡು ಜೋತಾಡುತ್ತಿರುತ್ತಾರೆ. ಹೀಗೆ ಲೋಕವನ್ನು ಬುಡಮೇಲು ಮಾಡಿ ಹಿಡಿದವನಿಗೆ ತಾನೇ ಅದರ ಒಡೆಯನೆಂಬ ಭ್ರಮೆ ಹುಟ್ಟುವುದು ಸಹಜ. ನನಗೂ ಇತ್ತು. ಅದು ಹೇಗೆ ಬಿಟ್ಟುಹೋಯಿತು, ಬಿಟ್ಟುಹೋದ ಮೇಲೆಯೇ ನಾನು ಹೇಗೆ ಎದೆಯುಬ್ಬಿಸಿ ನಡೆಯುವಂತಾದೆ ಎಂಬುದನ್ನು ನಿಮಗೆ ಹೇಳೋಣವೆಂದು ಕುಳಿತಿದ್ದೇನೆ.

ನಾನು ಧಾರವಾಡದವನು, ಪುಣೆಯ ಮರಾಠಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೆ. ಎರಡನೆಯ ಮಹಾಯುದ್ಧ ಇನ್ನೂ ಕೆಲವು ವರ್ಷ ದೂರವಿದ್ದ ಕಾಲ ಅದು. ಶನಿವಾರ ಪೇಠೆಯ ಹಳೆಯ ವಾಡೆಯೊಂದರ ಮಹಡಿಯ ಮೇಲೆ ನಮ್ಮ ಸಂಸಾರ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲ ಆಚೆ ಮರಾಠಿ, ಶಾಲೆಗೆ ಇನ್‌ಸ್ಪೆಕ್ಟರು ಬಂದ ದಿನ ಇಂಗ್ಲಿಷು. ಅಂಗಿ ಬದಲಿಸಿದಷ್ಟು ಸಲೀಸಾಗಿ ಮಾತು ಬದಲಿಸುವುದು ನಮಗೆಲ್ಲ ರೂಢಿಯಾಗಿಹೋಗಿತ್ತು. ಊರಿನ ಛಾಯಾಚಿತ್ರ ಮಂಡಳಿಯಲ್ಲಿ ನಾನೂ ಒಬ್ಬ ಸದಸ್ಯ. ಉಳಿದವರು ವಕೀಲರು, ಡಾಕ್ಟರರು, ಜಹಗೀರುದಾರರ ಮನೆಯ ಮಕ್ಕಳು. ಅವರ ಹೆಗಲಿಗೆ ಮಿರುಗುವ ವಿಲಾಯತಿ ಯಂತ್ರಗಳು. ನನ್ನದೋ ಬಾಗಿಲು ಮುಚ್ಚಿದ ಸ್ಟುಡಿಯೊ ಒಂದರಿಂದ ಬಂದ, ಮೂಲೆಗಳಲ್ಲಿ ಹಿತ್ತಾಳೆ ಸವೆದ ಮುದಿ ಪೆಟ್ಟಿಗೆ. ಅಲ್ಲಿ ನನ್ನನ್ನು ಎಲ್ಲರೂ "ಕಾನಡಿ ಮಾಸ್ತರ" ಎನ್ನುತ್ತಿದ್ದರು. ಕಾನಡಿ ಎಂದರೆ ಮರಾಠಿಯಲ್ಲಿ ಕನ್ನಡದವನು ಎಂದಷ್ಟೇ ಅರ್ಥ, ಬೈಗುಳವೇನಲ್ಲ. ಆದರೆ ಅನ್ನುವವರ ತುಟಿಯಂಚಿನ ನಗೆ ಕೂಡಿಕೊಂಡರೆ ಯಾವ ಮಾತಿಗಾದರೂ ಮುಳ್ಳು ಮೂಡುತ್ತದೆ. ಇರಲಿ, ಕಾನಡಿಗೆ ಒಂದು ಒತ್ತು ಸೇರಿ ಒಂದು ದೀರ್ಘ ಜಾರಿದರೆ ಕನ್ನಡಿಯಾಗುತ್ತದೆ, ಲೋಕಕ್ಕೆ ಕನ್ನಡಿ ಹಿಡಿಯುವವನಿಗೆ ಒಪ್ಪುವ ಹೆಸರೇ ಅಲ್ಲವೇ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಳ್ಳುತ್ತಿದ್ದೆ.

ಆ ವರ್ಷ ಮಂಡಳಿಯವರು ಪ್ರದರ್ಶನಕ್ಕೆ 'ಹೊಳೆದಂಡೆಯ ಹಳೆಯ ಊರು' ಎಂಬ ವಿಷಯ ಕೊಟ್ಟರು. ತೀರ್ಪು ಕೊಡುವವರು ಲಷ್ಕರದ, ಎಂದರೆ ದಂಡುಪ್ರದೇಶದ, ಬಂಗಲೆಯೊಂದರಲ್ಲಿ ನೆಲೆಸಿದ್ದ, ನಿವೃತ್ತರಾದ ಒಬ್ಬ ಸಾಹೇಬರು. ಅವರಿಗೆ ಮಂಜು ಇಷ್ಟ ಎಂಬುದು ಎಲ್ಲರಿಗೂ ಗೊತ್ತಿತ್ತು. ಉಳಿದವರು ವಾಯಿಗೋ ಆಳಂದಿಗೋ ಹೊರಟರು. ನನ್ನ ಕಣ್ಣಿಗೆ ಕಟ್ಟಿದ್ದು ಭೋರ್. ಸಹ್ಯಾದ್ರಿಯ ಮಡಿಲಲ್ಲಿ, ನೀರಾ ನದಿಯ ದಂಡೆಯ ಮೇಲೆ ಕುಳಿತ ಆ ಪುಟ್ಟ ಸಂಸ್ಥಾನದ ರಾಜಧಾನಿಯನ್ನು ಒಮ್ಮೆ ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಕಲ್ಲಿನ ಮೆಟ್ಟಿಲು, ಮೆಟ್ಟಿಲ ಮೇಲೆ ಈಶ್ವರನ ಗುಡಿ, ಗುಡಿಯ ಹಿಂದೆ ರಾಜವಾಡೆಯ ಮಾಡು, ಅದರ ಹಿಂದೆ ಬೆಟ್ಟ. ಮಾಗಿಯ ಬೆಳಗಿನಲ್ಲಿ ಇದರ ಮೇಲೆ ಹಾಲಿನ ಕೆನೆಯಂಥ ಮಂಜು ಹರಡಿಕೊಂಡರೆ ಸಾಹೇಬರ ಮನಸ್ಸು ಕರಗದೆ ಇದ್ದೀತೆ ಎಂಬುದು ನನ್ನ ಲೆಕ್ಕಾಚಾರ.

"ನಾನೂ ಬರ್ತೀನಿ" ಎಂದಳು ಶಾಂತಾ.

"ಥಂಡಿ ಭಾಳ ಅದ ಅಲ್ಲೆ."

"ಥಂಡಿ ನಿಮಗೊಬ್ಬರಿಗೇ ಬಿಟ್ಟಾರೇನು? ನನ್ನ ಸೀರಿ ಅಲ್ಲಿತನಕಾ ಹೋಗ್ತದ, ನಾನು ಹೋಗಬಾರದೇನು?"

ಶಾಲೆಗೆ ಬಿಡುವಿದ್ದ ಒಂದು ಮಧ್ಯಾಹ್ನ ಇಬ್ಬರೂ ಸರ್ವಿಸ್ ಮೋಟಾರು ಹತ್ತಿ, ಕಾತ್ರಜದ ಘಾಟಿ ದಾಟಿ, ಧೂಳು ಕುಡಿಯುತ್ತ ಸಂಜೆಯ ಹೊತ್ತಿಗೆ ಭೋರ್ ಸೇರಿ, ಗುಡಿಯ ಪಕ್ಕದ ಧರ್ಮಶಾಲೆಯಲ್ಲಿ ಇಳಿದುಕೊಂಡೆವು.

ಬೆಳಗ್ಗೆ ಎದ್ದು ನೋಡಿದರೆ ಊರೇ ಇರಲಿಲ್ಲ. ಮಂಜು ಅಷ್ಟು ದಟ್ಟವಾಗಿತ್ತು. ಕಾಲುಸಂಕ ದಾಟಿ, ಗುಡಿಗೆ ಎದುರಾದ ದಂಡೆಯಲ್ಲಿ ಒಂದು ಬಂಡೆಯ ಮೇಲೆ ಮುಕ್ಕಾಲಿ ನಿಲ್ಲಿಸಿ, ಕೈಬೆರಳುಗಳಿಗೆ ಉಸಿರೂದುತ್ತ ಕಾದೆ. ನಿಧಾನವಾಗಿ, ಮುದುಕಿಯೊಬ್ಬಳು ಕಥೆ ಹೇಳಿದ ಹಾಗೆ, ಊರು ಒಂದೊಂದಾಗಿ ಹೊರಬಂತು. ಮೊದಲು ಶಿಖರದ ಕಳಸ, ಆಮೇಲೆ ಅರಳಿಮರದ ತಲೆ, ಆಮೇಲೆ ಮೆಟ್ಟಿಲುಗಳ ಮೇಲೆ ಬಗ್ಗಿ ಬಟ್ಟೆ ಒಗೆಯುವ ಹೆಂಗಸರ ಸಾಲು. ಅವರ ಬೆನ್ನುಗಳು ಮಂಜಿನಲ್ಲಿ ಏಳುತ್ತಿದ್ದವು, ಬೀಳುತ್ತಿದ್ದವು. ಬಟ್ಟೆ ಬಡಿವ ಸದ್ದು ಹೊಳೆ ದಾಟಿ ತಡವಾಗಿ ನನ್ನ ಕಿವಿಗೆ ಬರುತ್ತಿತ್ತು. ಇದಕ್ಕಿಂತ ಹೆಚ್ಚಿನ ಚಿತ್ರವನ್ನು ದೇವರೂ ಬರೆಯಲಾರ ಎನ್ನಿಸಿತು.

ಆದರೆ ದೇವರು ಬರೆದದ್ದನ್ನು ಗಾಜಿನ ಮೇಲೆ ಇಳಿಸಿಕೊಳ್ಳುವುದಕ್ಕೆ ನಸೀಬು ಬೇಕು. ಮೊದಲ ಗಾಜಿನ ಪ್ಲೇಟಿಗೆ ಮಸೂರದ ಮೇಲೆ ಕೂತ ಇಬ್ಬನಿ ಅಡ್ಡಬಂತು. ಎರಡನೆಯದಕ್ಕೆ ಎಮ್ಮೆಗಳ ಹಿಂಡೊಂದು, ಸರಕಾರಿ ಮೆರವಣಿಗೆಯಷ್ಟೇ ಗಾಂಭೀರ್ಯದಿಂದ, ನನ್ನ ಹೊಳೆಯೊಳಗೆ ಇಳಿಯಿತು. ಮುಂದಿನದರಲ್ಲಿ ಸ್ನಾನ ಮುಗಿಸಿದ ಭಟ್ಟರೊಬ್ಬರು ಒದ್ದೆ ಪಂಚೆಯನ್ನು ನನ್ನ ಕಡೆಗೇ ಝಾಡಿಸಿದರು. ಹೀಗಾಗಿ ತಂದ ಪ್ಲೇಟುಗಳೆಲ್ಲ ಮುಗಿದು ಕೊನೆಗೊಂದು ಉಳಿಯಿತು. ಅದನ್ನು ಹಿಡಿದುಕೊಂಡು ನಾನು ಮತ್ತು ಶಾಂತಾ ಮತ್ತೆ ಕಾಲುಸಂಕ ದಾಟಿ ಗುಡಿಯ ದಂಡೆಗೇ ಹೋದೆವು. ಒಗೆಯುವ ಹೆಂಗಸರಿಗೆ ತೀರ ಸಮೀಪದಲ್ಲಿ, ಓರೆಯಾಗಿ ಕ್ಯಾಮೆರಾ ಹೂಡಿದೆ. ಅಷ್ಟರಲ್ಲಿ ಬೆಟ್ಟದ ಹಿಂದಿನಿಂದ ಮೊದಲ ಕಿರಣ ಇಣುಕಿ ಮಂಜಿಗೆಲ್ಲ ಕೇಸರಿ ಕದಡಿತು. ಚಂದ್ರಕಾಳಿಯೊಳಗಿಂದ ನೋಡಿದೆ, ಎಲ್ಲವೂ ಇದ್ದಲ್ಲಿ ಇತ್ತು. ಪ್ಲೇಟು ಸೇರಿಸಿ, ಮಸೂರದ ಟೊಪ್ಪಿಗೆ ಕೈ ಹಾಕಿದೆ.

ಆಗ ಆ ಸಾಲಿನ ನಡುವಿನ ಹೆಂಗಸು ಎದ್ದು ನಿಂತುಬಿಟ್ಟಳು. ನಲವತ್ತರ ಆಸುಪಾಸಿನ, ಎತ್ತರದ, ಗಟ್ಟಿಮುಟ್ಟಾದ ಹೆಂಗಸು. ನೀರಿಳಿಯುವ ಸೀರೆಯನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ಮರಾಠಿಯಲ್ಲಿ, "ಓ ದಾದಾ, ಕಾಯ ಚಾಲಲಯ?" ಎಂದಳು. ಏನು ನಡೆಸಿದ್ದೀ ಇಲ್ಲಿ ಎಂಬ ಆ ಪ್ರಶ್ನೆಗೆ ಉಳಿದ ಬೆನ್ನುಗಳೂ ನೆಟ್ಟಗಾದವು.

ನನಗೆ ತಾಳ್ಮೆ ತಪ್ಪಿತು. "ಎಲ್ಲಾ ಕೆಡ್ತು ನೋಡು ಶಾಂತಾ! ಈಕಿ ಇನ್ನೊಂದ್ ಗಳಿಗಿ ಬಗ್ಗಿ ನಿಂತಿದ್ರ ಏನು ಗಂಟು ಹೋಗ್ತಿತ್ತು!"

ಆ ಹೆಂಗಸಿನ ಕೈಯಿಂದ ಒದ್ದೆ ಸೀರೆ ಜಾರಿ ಕಲ್ಲಿನ ಮೇಲೆ ಬಿತ್ತು. ಅವಳು ನನ್ನನ್ನು ನೋಡಲಿಲ್ಲ, ನನ್ನ ಬಾಯನ್ನು ನೋಡಿದಳು.

"ಅಯ್ಯ... ನೀವು ನಮ್ಮ ಮಾತು ಆಡ್ತೀರೇನ್ರೀ?"

ಶಾಂತಾ ಮುಂದೆ ಬಂದು, "ಧಾರವಾಡದವರ್ರೀ ನಾವು. ನೀವು?" ಎಂದು ಕೇಳಿದಳು.

"ನಂದು ಹುಕ್ಕೇರಿ. ಹುಕ್ಕೇರಿ ಕಡೆ ನನ್ನ ತವರುಮನಿ." ಅವಳು ಒಂದೊಂದು ಶಬ್ದವನ್ನೂ ತಡವರಿಸಿ ಹುಡುಕುತ್ತಿದ್ದಳು. "ಇಲ್ಲೆ ಕೊಟ್ಟು ಭಾಳ ವರ್ಷ ಆತ್ರೀ. ಅವ್ವ ಹೋದ ಮ್ಯಾಲೆ ಈ ಮಾತು... ಯಾರ ಜೋಡಿ ಆಡಲಿ?"

ಊರಲ್ಲಿ ಅವಳನ್ನು ಪಾರ್ವತೀಬಾಯಿ ಎನ್ನುತ್ತಿದ್ದರು. ಗಂಡನಿಗೆ ಪೇಟೆಯಲ್ಲಿ ತಾಮ್ರದ ಪಾತ್ರೆಗಳ ಅಂಗಡಿ; ತಲೆಮಾರುಗಳಿಂದ ಮರಾಠಿಯಲ್ಲೇ ಬಾಳಿದ ಮನೆತನ. ಬಹಳ ಕಾಲ ಬಳಸದೆ ಅಟ್ಟದ ಮೇಲಿಟ್ಟ ತಾಮ್ರದ ಕೊಡಕ್ಕೆ ಹುಣಿಸೆಹಣ್ಣು ತಾಗಿದಂತೆ, ಶಾಂತಾಳ ಜೊತೆ ಆಡಿದ ನಾಲ್ಕು ಮಾತಿನಲ್ಲೇ ಅವಳ ಕನ್ನಡ ಕಿಲುಬು ಬಿಟ್ಟು ಕೆಂಪಗೆ ಹೊಳೆಯತೊಡಗಿತು. ನಾನಂತೂ ಚಡಪಡಿಸುತ್ತಿದ್ದೆ. ಕೇಸರಿ ಇನ್ನೂ ಉಳಿದಿತ್ತು.

"ಬಾಯರ, ನೀವು ಮತ್ತ ಒಂದೀಟು ಮೊದಲಿನಂಗ ಬಗ್ಗಿ ಒಗೀರಿ," ಎಂದೆ. "ಚಿತ್ರ ತಗೀತೀನಿ. ಪುಣ್ಯಾದಾಗ ಗ್ವಾಡಿ ಮ್ಯಾಲೆ ಹಾಕ್ತಾರ."

"ಯಾರು ನೋಡ್ತಾರ್ರೀ ಅದನ್ನ?"

"ದೊಡ್ಡ ದೊಡ್ಡ ಮಂದಿ. ಸಾಹೇಬರು."

ಅವಳು ತನ್ನನ್ನು ಒಮ್ಮೆ ನೋಡಿಕೊಂಡಳು. ಮೊಣಕಾಲ ಮೇಲಕ್ಕೆ ಕಟ್ಟಿದ ಸೀರೆ, ಕೆದರಿದ ಕೂದಲು, ಚಳಿಗೆ ಸುಕ್ಕುಗಟ್ಟಿದ ಕೈ. "ಅಂಥವರ ಮುಂದ ನಾವು ಹಿಂಗ ನಿಂದರಬೇಕೇನ್ರೀ? ಬೆನ್ನು ಮಾಡಿ?"

ನಾನು ಡ್ರಾಯಿಂಗ್ ಮಾಸ್ತರ. ಸೌಂದರ್ಯದ ಮೇಲೆ ಪಾಠ ಹೇಳಿಯೇ ಹೊಟ್ಟೆ ಹೊರೆದವನು. ಸಹಜತೆ ಎಂದೆ, ದುಡಿಮೆಯ ಚೆಲುವು ಎಂದೆ, ಮಂಜಿನಲ್ಲಿ ಮುಖಗಳೇ ಕಾಣದಿರುವುದರಿಂದ ನಾಚಿಕೆಪಡುವ ಕಾರಣವೇ ಇಲ್ಲ ಎಂದೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಕೇಳಿ, ಉಳಿದ ಹೆಂಗಸರಿಗೆ ಮರಾಠಿಯಲ್ಲಿ ತಿಳಿಸಿದಳು. ಅವರಲ್ಲಿ ಒಂದು ನಗು, ಒಂದು ಗೊಣಗು ಹರಿದಾಡಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾರೀನ ಕಾಣಂಗಿಲ್ಲ ಅಂದ್ರ ಅದು ನಮ್ಮ ಚಿತ್ರ ಹೆಂಗ ಆಗ್ತದ್ರೀ? ಅರಿವಿ ಒಗಿಯೋದು ನಮ್ಮ ಕೆಲಸ ಅದ. ನಮ್ಮ ಮಾರಿ ಅಲ್ಲ. ನೀವು ಇಲ್ಲೇ ನಿಂದರ್ರಿ. ಮನೀಗೆ ಹೋಗಿ ಬರ್ತೀವಿ."

ನಾನು ಹೂಂ ಎನ್ನುವ ಮೊದಲೇ ಅವರೆಲ್ಲ ಒದ್ದೆ ಬಟ್ಟೆಗಳನ್ನು ಕಲ್ಲಿನ ಮೇಲೆಯೇ ಬಿಟ್ಟು, ಮೆಟ್ಟಿಲು ಹತ್ತಿ, ಓಣಿಯಲ್ಲಿ ಮರೆಯಾದರು.

ಈಗ ನನ್ನ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಎದುರಿಗೆ ಬರಿದಾದ ಘಾಟಿನ ಮೆಟ್ಟಿಲುಗಳು. ಬಿಟ್ಟುಹೋದ ಬಟ್ಟೆಗಳಿಂದ ಹಬೆ ಏಳುತ್ತಿದೆ. ಮಂಜು ಹೊಳೆಯ ಮೇಲೆ ಹೊನ್ನಿನ ಪರದೆಯಂತೆ ನಡುಗುತ್ತಿದೆ, ಅದರ ಹಿಂದೆ ಶಿಖರ ಕನಸಿನಂತೆ ತೇಲುತ್ತಿದೆ. ಹೆಂಗಸರು ಇದ್ದಾಗಿನದಕ್ಕಿಂತಲೂ ಈಗಿನ ಚಿತ್ರವೇ ಹೆಚ್ಚು ಚೆಂದ. ಪ್ಲೇಟು ಉಳಿದದ್ದು ಒಂದೇ. ಟೊಪ್ಪಿ ತೆಗೆದು ಮತ್ತೆ ಹಾಕಿದರೆ ಮುಗಿಯಿತು. ಅವರು ಬಂದ ಮೇಲೆ ಖಾಲಿ ಪೆಟ್ಟಿಗೆಯ ಮುಂದೆ ನಿಲ್ಲಿಸಿ ನಾಟಕ ಆಡಿದರೂ ತಿಳಿಯುವವರಿರಲಿಲ್ಲ.

ಶಾಂತಾ ಬಂಡೆಯ ಮೇಲೆ ಕುಳಿತು ಅಂಗೈ ಉಜ್ಜಿಕೊಳ್ಳುತ್ತಿದ್ದಳು. "ಬೇಕಾದ್ರ ತಗೊಂಡುಬಿಡ್ರಿ" ಎಂದಳು. ಅವಳ ಧ್ವನಿಯಲ್ಲಿ ಆಣತಿಯೂ ಇರಲಿಲ್ಲ, ಆಕ್ಷೇಪವೂ ಇರಲಿಲ್ಲ. ಗಂಡ ಏನು ಮಾಡುತ್ತಾನೆ ನೋಡೋಣ ಎಂಬ ಕುತೂಹಲವಷ್ಟೇ.

ಟೊಪ್ಪಿಯ ಮೇಲೆ ಕೈಯಿಟ್ಟಾಗ ನನಗೆ ನೆನಪಾದದ್ದು ಹಿಂದಿನ ವರ್ಷದ ಪ್ರದರ್ಶನ. ನಮ್ಮ ಮಂಡಳಿಯ ಸದಸ್ಯರೊಬ್ಬರು ನನಗೆ ತಿಳಿಯದಂತೆ ನನ್ನದೇ ಒಂದು ಚಿತ್ರ ತೆಗೆದಿದ್ದರು. ಶಾಲೆಯ ಪಡಸಾಲೆಯಲ್ಲಿ, ಊಟದ ಬಿಡುವಿನಲ್ಲಿ, ತೇಪೆ ಹಾಕಿದ ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ ನಾನು. ಕೆಳಗೆ 'ಬಡ ಮಾಸ್ತರ' ಎಂಬ ಶೀರ್ಷಿಕೆ. ಎಷ್ಟು ಸಹಜ, ಎಷ್ಟು ಜೀವಂತ ಎಂದು ಎಲ್ಲರೂ ಹೊಗಳಿದರು. ನಾನೂ ನಕ್ಕು ಚಪ್ಪಾಳೆ ತಟ್ಟಿದ್ದೆ. ಆದರೆ ಮನೆಗೆ ಬಂದು ಶಾಂತಾಳಿಗೆ ಆ ಚಿತ್ರದ ಸುದ್ದಿಯನ್ನೇ ಎತ್ತಿರಲಿಲ್ಲ. ನಾನು ಬಡವನೆಂಬುದು ಸುಳ್ಳಲ್ಲ, ನಿದ್ದೆ ಮಾಡಿದ್ದೂ ಸುಳ್ಳಲ್ಲ. ಆದರೂ ಅದು ನಾನಲ್ಲ ಎಂದು ಹೇಳಲು ಆ ದಿನ ನನಗೆ ಮಾತು ಸಿಕ್ಕಿರಲಿಲ್ಲ. ಹುಕ್ಕೇರಿಯ ಹೆಂಗಸಿಗೆ ತಡವರಿಸುವ ಕನ್ನಡದಲ್ಲಿ ಅದು ಸಿಕ್ಕಿತ್ತು.

ಟೊಪ್ಪಿಯನ್ನು ಒತ್ತಿ ಭದ್ರಪಡಿಸಿ, ಹೋಗಿ ಹೆಂಡತಿಯ ಪಕ್ಕದಲ್ಲಿ ಕುಳಿತೆ. ನಮ್ಮ ಕಣ್ಣೆದುರೇ ಮಂಜು ಹರಿದು, ಚೂರಾಗಿ, ಕರಗಿಹೋಯಿತು. ಅದು ಹೋಗುವುದನ್ನು ನೋಡುವುದು ಸುಲಭವಾಗಿರಲಿಲ್ಲ. ಶಾಂತಾ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ಬೆಲ್ಲದ ತುಂಡನ್ನು ಮುರಿದು ಅರ್ಧ ನನಗೆ ಕೊಟ್ಟಳು.

ಅವರು ಬಂದರು. ಬರೀ ಅವರಷ್ಟೇ ಅಲ್ಲ, ಓಣಿಯೇ ಬಂದಿತ್ತು. ಹಸಿರು, ಕುಂಕುಮದ ಬಣ್ಣದ ಒಂಬತ್ತು ಗಜದ ಸೀರೆಗಳು, ಮುತ್ತಿನ ನತ್ತು, ಎಣ್ಣೆ ಹಚ್ಚಿ ಬಾಚಿದ ತಲೆಗೆ ಅಬ್ಬಲಿಗೆ. ಅಷ್ಟರ ನಡುವೆ ಪಾರ್ವತೀಬಾಯಿ ಒಬ್ಬಳೇ ಇಳಕಲ್ ಸೀರೆ ಉಟ್ಟಿದ್ದಳು. ತವರಿನವರು ಕೊಟ್ಟದ್ದಿರಬೇಕು, ಮಡಿಕೆಯ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಅವಳ ಹಿಂದೆ ಗಂಡ, ಮೆದು ಮುಖದ ಶೇಟಜಿ, ಕೆಂಪು ಪಗಡಿ ಧರಿಸಿ, ಅಂಗಡಿಯ ಅತಿ ದೊಡ್ಡ ತಾಮ್ರದ ಹಂಡೆಯೊಂದನ್ನು ಇಬ್ಬರಿಂದ ಹೊರಿಸಿಕೊಂಡು ಬಂದಿದ್ದರು. ಪಂಚೆ ಝಾಡಿಸಿದ ಭಟ್ಟರೂ ಈಗ ಶಾಲು ಹೊದ್ದು ಸಜ್ಜಾಗಿದ್ದರು.

ನಮ್ಮ ಕಡೆಯ ಜನ ಫೋಟೋಕ್ಕೆ ನಿಲ್ಲುವ ರೀತಿಯನ್ನು ಈಗಿನವರು ತಮಾಷೆ ಮಾಡುತ್ತಾರೆ. ಕೋಲು ನುಂಗಿದ ಹಾಗೆ ನೆಟ್ಟಗೆ, ನಗದೆ, ಕೈಗಳನ್ನು ತೊಡೆಗಂಟಿಸಿ, ಸಾಕ್ಷಿ ಹೇಳಲು ಬಂದವರಂತೆ ನಿಲ್ಲುತ್ತಾರೆ ಎಂದು. ಹೌದು, ಸಾಕ್ಷಿಯೇ. ಬದುಕೆಲ್ಲ ಒಬ್ಬರಿಗೆ ಬಗ್ಗಿ, ಇನ್ನೊಬ್ಬರಿಗೆ ಸರಿದು, ಮತ್ತೊಬ್ಬರ ಹಿಂದೆ ನಿಂತು ಕಳೆಯುವವರಿಗೆ, ನೆಟ್ಟಗೆ ನಿಂತು ಎದುರಿಗೆ ದಿಟ್ಟಿಸಿ 'ನಾನು ಇದ್ದೇನೆ' ಎಂದು ಹೇಳುವ ಅವಕಾಶ ಎಷ್ಟು ಸಲ ಬರುತ್ತದೆ? ಮಗುವಿನ ಹೆಸರಿಡುವಾಗ, ಮದುವೆಯಲ್ಲಿ, ಆಮೇಲೆ ಈ ಕರಿಯ ಪೆಟ್ಟಿಗೆಯ ಮುಂದೆ. ಅಂಥ ಗಳಿಗೆಯಲ್ಲಿ ಹಲ್ಲು ಕಿಸಿಯದೆ ಗಾಂಭೀರ್ಯದಿಂದ ನಿಲ್ಲುವುದರಲ್ಲಿ ಒಂದು ಘನತೆಯಿದೆ ಎಂದು ನನಗೆ ತಿಳಿದದ್ದು ಅವತ್ತು, ಆ ಮೆಟ್ಟಿಲುಗಳ ಮೇಲೆ.

ಎಲ್ಲರನ್ನೂ ನಿಲ್ಲಿಸುವ ಕೆಲಸ ಶಾಂತಾ ಮತ್ತು ಪಾರ್ವತೀಬಾಯಿ ವಹಿಸಿಕೊಂಡರು. ನನ್ನ ಮಾತು ಯಾರೂ ಕೇಳಲಿಲ್ಲ. ಹಂಡೆಯನ್ನು ನಡುವೆ ಇಡಬೇಕೆಂದು ಶೇಟಜಿ, ಅದು ಅತ್ತೆಯಂದಿರ ಜಾಗ ಎಂದು ಹೆಂಗಸರು. ಕೊನೆಗೆ ಹಂಡೆ ಅಂಚಿಗೆ ಹೋಗಿ, ಶೇಟಜಿ ಅದರ ಕಾವಲಿಗೆ ನಿಂತರು. ಇನ್ನೇನು ಎಲ್ಲ ಸಿದ್ಧವಾಯಿತೆನ್ನುವಾಗ ಪಾರ್ವತೀಬಾಯಿ ಸಾಲಿನಿಂದ ಹೊರಬಂದು, "ಅದರಾಗ ಹೆಂಗ ಕಾಣಸ್ತದ, ನಾನೂ ನೋಡ್ಲೇನ್ರೀ?" ಎಂದಳು. ಪ್ಲೇಟನ್ನು ಹೊರತೆಗೆದು, ಟೊಪ್ಪಿ ಕಳಚಿ, ಚಂದ್ರಕಾಳಿಯನ್ನು ಎತ್ತಿ ಹಿಡಿದೆ. ಅವಳು ಒಳಗೆ ಹೋದಳು. ಆಮೇಲೆ ಬಟ್ಟೆಯೊಳಗಿಂದ ನಗು ಕೇಳಿಸಿತು.

"ಅಯ್ಯಯ್ಯ, ನಮ್ಮೂರು ತಲಿಕೆಳಗ ಆಗೇದಲ್ರೀ! ನಮ್ಮ ಮನಿಯವರು ಪಗಡಿ ಮ್ಯಾಲೆ ನಿಂತಾರ!"

"ತಗೊಂಡ ಮ್ಯಾಲೆ ನೆಟ್ಟಗ ಆಗ್ತದ್ರೀ."

"ಆಗಲೇಬೇಕು" ಎಂದು ಅವಳು ಹೋಗಿ ತನ್ನ ಜಾಗದಲ್ಲಿ ನಿಂತಳು. ಟೊಪ್ಪಿ ಮುಚ್ಚಿ, ಪ್ಲೇಟು ಮತ್ತೆ ಸೇರಿಸಿ, ಉಸಿರು ಬಿಗಿಹಿಡಿಯಿರಿ ಎಂದೆ. ಟೊಪ್ಪಿ ತೆಗೆದೆ. ನೀರಾ ನದಿಯೂ ಆ ಗಳಿಗೆ ನಿಂತಿತ್ತೆಂದು ಈಗಲೂ ನನ್ನ ನಂಬಿಕೆ.

ಪುಣೆಗೆ ಬಂದು, ಅಡಿಗೆಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಕಾಗದ ಸುತ್ತಿದ ಲಾಂದ್ರದ ಬೆಳಕಿನಲ್ಲಿ ಪ್ಲೇಟು ತೊಳೆದೆ. ಆಮೇಲೆ ಕಾಗದಕ್ಕೆ ಇಳಿಸಿದಾಗ ನೋಡಬೇಕಿತ್ತು ನೀವು. ಮಂಜಿಲ್ಲದ, ನಿಚ್ಚಳವಾದ ಭೋರ್. ಶಿಖರದ ಕೆತ್ತನೆ, ರಾಜವಾಡೆಯ ಕಿಟಕಿಗಳು, ಬೆಟ್ಟದ ಮೇಲಿನ ಒಂಟಿ ಮರ. ಮತ್ತು ಅದೆಲ್ಲದರ ಮುಂದೆ, ಇದೆಲ್ಲ ನಮ್ಮದು ಎಂಬಂತೆ ನಿಂತ ಜನ. ಶಾಂತಾ ಹಸಿ ಕಾಗದದ ಅಂಚು ಹಿಡಿದುಕೊಂಡು ಬಹಳ ಹೊತ್ತು ನೋಡಿ, "ಛಲೋ ಬಂದದ" ಎಂದಳು. ನನ್ನ ಚಿತ್ರಗಳನ್ನು ಅವಳು ಅದುವರೆಗೆ ಅಷ್ಟೊಂದು ಹೊಗಳಿದ್ದಿಲ್ಲ.

ಸಾಹೇಬರ ಅಭಿಪ್ರಾಯ ಬೇರೆಯಾಗಿತ್ತು. ಪ್ರದರ್ಶನದ ಮೊದಲ ದಿನ ಅವರು ನನ್ನ ಚಿತ್ರದ ಮುಂದೆ ನಿಂತು, ಕನ್ನಡಕ ಸರಿಪಡಿಸಿಕೊಂಡು, ಇಂಗ್ಲಿಷಿನಲ್ಲಿ ಮೆಲ್ಲಗೆ, ಅಯ್ಯೋ ಪಾಪ ಎನ್ನುವ ಧಾಟಿಯಲ್ಲಿ, "ಎಷ್ಟು ಚೆಂದದ ಘಾಟು! ಅದರ ಮುಂದೆ ಇಷ್ಟೊಂದು ಜನರನ್ನು ಏಕೆ ನಿಲ್ಲಿಸಿದಿರಿ?" ಎಂದು ಮುಂದೆ ಹೋದರು. ಬಹುಮಾನ ವಾಯಿಯ ಮಂಜಿಗೆ ಹೋಯಿತು. ಮಂಡಳಿಯ ಕಾರ್ಯದರ್ಶಿಗಳು ನನ್ನ ಭುಜ ತಟ್ಟಿ, "ಕಾನಡಿ ಮಾಸ್ತರ, ಇದು ಶಾಲೆಯ ಗ್ರೂಪ್ ಫೋಟೋ ಆಯ್ತಲ್ಲ!" ಎಂದು ನಕ್ಕರು. ನೋವಾಗಲಿಲ್ಲವೆಂದರೆ ಸುಳ್ಳು. ಆದರೆ ಈ ಸಲ ನಾನು ಅವರ ಜೊತೆ ನಗಲಿಲ್ಲ. "ಹೌದು, ಗ್ರೂಪ್ ಫೋಟೋನೇ. ಒಂದು ಊರಿನದು" ಎಂದೆ.

ಕೊನೆಯ ದಿನ ಮಧ್ಯಾಹ್ನ ಸಭಾಂಗಣದ ಬಾಗಿಲಲ್ಲಿ ಗದ್ದಲ ಕೇಳಿಸಿತು. ಕಾವಲಿನವನು ಯಾರನ್ನೋ ತಡೆಯುತ್ತಿದ್ದ. ಅವನಿಗಿಂತ ಎತ್ತರದ ಧ್ವನಿಯೊಂದು ಮರಾಠಿಯಲ್ಲಿ, "ನಮ್ಮ ಚಿತ್ರ ಒಳಗಿದೆ, ನಾವು ಹೊರಗಿರಬೇಕೇನು?" ಎಂದು ಕೇಳುತ್ತಿತ್ತು. ನಾನು ಶಾಂತಾಳ ಮುಖ ನೋಡಿದೆ; ಅವಳು ಬೇರೆಲ್ಲೋ ನೋಡುತ್ತಿದ್ದಳು. ಪ್ರದರ್ಶನದ ಸುದ್ದಿಯನ್ನು ಭೋರಿಗೆ ಮುಟ್ಟಿಸಿದವರು ಯಾರೆಂಬುದು ಆಗ ಅರ್ಥವಾಯಿತು.

ಅವರು ಒಳಗೆ ಬಂದರು. ಅದೇ ಸೀರೆಗಳು, ಅದೇ ನತ್ತುಗಳು, ಅದೇ ಪಗಡಿ, ಹಂಡೆಯೊಂದಿರಲಿಲ್ಲ. ಸಾಲಾಗಿ ನಡೆದು, ಗೋಡೆಯ ಮೇಲಿನ ಯಾವ ಮಂಜಿನ ಕಡೆಗೂ ತಿರುಗದೆ, ನೇರವಾಗಿ ತಮ್ಮ ಚಿತ್ರದ ಮುಂದೆ ಬಂದು ನಿಂತರು. ವಯಸ್ಸಾದ ಒಬ್ಬಾಕೆ ಗಾಜಿನ ಮೇಲೆ ಬೆರಳಿಟ್ಟು ತನ್ನ ಮುಖವನ್ನು ಮುಟ್ಟಿ ನೋಡಿದಳು. ಸುತ್ತಲಿನ ಪುಣೆಯ ಮಂದಿ ಒಮ್ಮೆ ಗೋಡೆಯನ್ನೂ ಒಮ್ಮೆ ಇವರನ್ನೂ ನೋಡುತ್ತ ಹತ್ತಿರ ಸೇರಿದರು, ಆಮೇಲೆ ತಮಗರಿವಿಲ್ಲದೆಯೇ ಎರಡು ಹೆಜ್ಜೆ ಹಿಂದೆ ಸರಿದು ಅವರಿಗೆ ಜಾಗ ಬಿಟ್ಟರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನನ್ನ ಎದೆ ಆಗ ಎಷ್ಟು ಅಗಲವಾಗಿತ್ತೆಂದರೆ ಅಂಗಿಯ ಗುಂಡಿಗಳ ಬಗ್ಗೆ ನನಗೆ ಚಿಂತೆಯಾಯಿತು.

ಸಾಹೇಬರೂ ಬಂದರು. ಗೋಡೆಯಿಂದ ಮುಖಕ್ಕೆ, ಮುಖದಿಂದ ಗೋಡೆಗೆ ಅವರ ಕಣ್ಣು ಓಡಾಡಿತು. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಡುವೆ ನಿಂತಿರುವ ಈ ಹೆಣ್ಣುಮಗಳು ಯಾರು?" ಎಂದು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು.

"ಪಾರ್ವತೀಬಾಯಿ ಎಂದು, ಭೋರಿನ..." ಎಂದು ಶುರುಮಾಡಿದೆ.

"ಏನು ಕೇಳ್ತಾರ್ರೀ ಅವರು?" ಎಂದಳು ಅವಳು ಕನ್ನಡದಲ್ಲಿ.

"ನಿಮ್ಮ ಹೆಸರು ಕೇಳ್ತಾರ."

ಅವಳು ಚಿತ್ರದ ಕಡೆ ಒಮ್ಮೆ ನೋಡಿದಳು. "ಪಾರ್ವತಿ ಅನ್ನೋದು ಮದುವ್ಯಾಗ ಅತ್ತಿಮನಿಯವರು ಅಕ್ಕಿ ಮ್ಯಾಲೆ ಬರದು ಇಟ್ಟ ಹೆಸರು. ನಮ್ಮಪ್ಪ ಇಟ್ಟದ್ದು ಗಂಗವ್ವ. ಹುಕ್ಕೇರಿ ಗಂಗವ್ವ ಅಂತ ಹೇಳ್ರಿ ಅವರಿಗೆ."

ಹೇಳಿದೆ. ಸಾಹೇಬರು ಪ್ರಯತ್ನಪಟ್ಟರು. "ಗ್ಯಾಂಗಾವಾ."

"ಅಲ್ಲ. ಗಂ-ಗ-ವ್ವ. ಕಡೀಗೆ ಒತ್ತಿ ಅನ್ರಿ," ಎಂದಳು ಅವಳು, ಸಾಹೇಬರಿಗೆ ಕನ್ನಡ ಬರುತ್ತದೆಯೋ ಇಲ್ಲವೋ ಎಂಬ ಯೋಚನೆಯೇ ಇಲ್ಲದೆ. "ಇನ್ನೊಮ್ಮೆ."

ಸಾಹೇಬರು ಕೆಂಪಗಾಗಿ, ಗಂಟಲು ಸರಿಪಡಿಸಿಕೊಂಡು ಇನ್ನೊಮ್ಮೆ ಅಂದರು, ಮತ್ತೊಮ್ಮೆ ಅಂದರು. ಆ ಸಲ ಹೆಸರು ಸರಿಯಾಗಿ ಹೊರಟಿತು. ಗಂಗವ್ವ ಹೌದೆಂದು ತಲೆಯಾಡಿಸಿದಳು. ಆಮೇಲೆ, ಹಿಂದೆ ನಿಂತು ಇದನ್ನೆಲ್ಲ ಬೆರಗಿನಿಂದ ನೋಡುತ್ತಿದ್ದ ಗಂಡನ ಕಡೆ ತಿರುಗಿ, ಮರಾಠಿಯಲ್ಲಿ, "ಈಗ ನೀವು ಹೇಳಿ" ಎಂದಳು.

ಹೆಂಡತಿಯ ಹೆಸರನ್ನು ನಾಲ್ಕು ಜನರ ಮುಂದೆ ಎತ್ತುವ ವಾಡಿಕೆ ಆಗಿನ ಗಂಡಸರಲ್ಲಿ ಇರಲಿಲ್ಲ. ಶೇಟಜಿ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಕೆಂಪು ಪಗಡಿಯನ್ನು ಎರಡೂ ಕೈಯಿಂದ ನೆಟ್ಟಗೆ ಮಾಡಿಕೊಂಡರು. ಮತ್ತು ಅಷ್ಟು ಮಂದಿಯ ನಡುವೆ, ಕಡೆಯ ಅಕ್ಷರವನ್ನು ಒತ್ತಿ, ಗಟ್ಟಿಯಾಗಿ ಹೇಳಿದರು.